ಗುಂಡವ್ವ ಮಳೆಯಲ್ಲಿ ಮಲಗಿದಳು

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರಲು ನನ್ನಿಂದ ಆಗುವುದಿಲ್ಲ. ನಿನ್ನೆ ರವಿವಾರ ಮಧ್ಯಾಹ್ನ ಈ ವರ್ಷದ ಮೊದಲ ದೊಡ್ಡ ಮಳೆ ಬಂತು, ಆ ಮಳೆಯಲ್ಲಿ ನನ್ನ ಮೊಮ್ಮಗಳು ಮಲಗಿದಳು. ಇಷ್ಟೇ ಸುದ್ದಿ. ಇವತ್ತು ಬೆಳಿಗ್ಗೆ ಇದನ್ನು ಹಾಲಿನವನಿಗೆ ಹೇಳಿದೆ, ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸಿಗೆ ನನ್ನ ಹರಕು ಕೊಂಕಣಿಯಲ್ಲಿ ಹೇಳಿದೆ, ಸೈಕಲ್ಲಿನ ಮೇಲೆ ಪಾವ್ ಮಾರುತ್ತ ಹಾರ್ನ್ ಒತ್ತಿಕೊಂಡು ಹೊರಟವನನ್ನೂ ನಿಲ್ಲಿಸಿ ಹೇಳಿದೆ. ಅವನು ಪಾವ್ ಕೈಗಿಟ್ಟು, ಕೂಸುಗಳು ಮಲಗದೆ ಇನ್ನೇನು ಮಾಡುತ್ತವೆ ಎನ್ನುವ ಮುಖ ಮಾಡಿಕೊಂಡು ಹೋದ. ಅವನ ತಪ್ಪಿಲ್ಲ, ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವನು. ಇದು ಎಂಥ ಸುದ್ದಿ ಎಂಬುದು ತಗಡಿನ ಕೆಳಗೆ ಬಾಳುವೆ ಮಾಡಿದವರಿಗೇ ಗೊತ್ತು. ನೀವು ಸ್ವಲ್ಪ ಕುಳಿತುಕೊಂಡರೆ ಬಿಡಿಸಿ ಹೇಳುತ್ತೇನೆ.

ನಾನು ಓದಿದವನಲ್ಲ. ವಿಜಯಪುರದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕುಳಿತಿದ್ದೆ, ಅದರಲ್ಲೂ ಅರ್ಧ ಹೊತ್ತು ಮಾಸ್ತರರು ಹೊರಗೇ ನಿಲ್ಲಿಸಿರುತ್ತಿದ್ದರು. ಮೀಸೆ ಮೂಡುವ ಹೊತ್ತಿಗೆ ಗೋವಾಕ್ಕೆ ಬಂದು ಸೆಂಟ್ರಿಂಗ್ ಕೆಲಸಕ್ಕೆ ಸೇರಿದೆ. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಕಂಬ ನಿಲ್ಲಿಸಿ, ಮೇಲೆ ಹಲಗೆ ಬಡಿದು, ಹಸಿ ಕಾಂಕ್ರೀಟನ್ನು ಹೊತ್ತು ನಿಲ್ಲುವ ಹಾಗೆ ಮಾಡುವುದು ನಮ್ಮ ಕೆಲಸ. ಸ್ಲ್ಯಾಬ್ ಗಟ್ಟಿಯಾಯಿತೆಂದರೆ ಅದನ್ನೆಲ್ಲ ನಾವೇ ಕಿತ್ತು ಲಾರಿಗೆ ತುಂಬುತ್ತೇವೆ. ಹೀಗಾಗಿ ಈ ಸೀಮೆಯಲ್ಲಿ ನಾನು ಲೆಕ್ಕವಿಲ್ಲದಷ್ಟು ಕಟ್ಟಿದ್ದೇನೆ, ತೋರಿಸೋಣವೆಂದರೆ ಒಂದೂ ಉಳಿದಿಲ್ಲ. ನನ್ನ ಹೆಂಡತಿ ಗೌರವ್ವ ಇದನ್ನು ಮರೆಯಲು ಬಿಡುವುದಿಲ್ಲ. ಅಡುಗೆಮನೆಯಲ್ಲಿ ಡಬ್ಬಿ ಇಡಲು ಒಂದು ಹಲಗೆ ಬಡಿದು ಕೊಟ್ಟರೂ, ಇದನ್ನು ಯಾವಾಗ ಕೀಳುತ್ತೀರಿ ಎಂದು ಕೇಳುತ್ತಾಳೆ.

ಊರವರಿಗೆಲ್ಲ ಸ್ಲ್ಯಾಬ್ ನಿಲ್ಲಿಸಿಕೊಟ್ಟ ನಾನು ಇದ್ದದ್ದು ಸಡಾ ಗುಡ್ಡದ ಇಳಿಜಾರಿನಲ್ಲಿ, ತಗಡಿನ ಕೆಳಗೆ. ಬಾಗಿಲಲ್ಲಿ ನಿಂತರೆ ಬಂದರಿನ ಕ್ರೇನುಗಳು, ಅದರಾಚೆ ಸಮುದ್ರ. ಒಳಗೆ ಬಂದರೆ ಏಪ್ರಿಲ್‌ನಲ್ಲಿ ಕಾದ ಹಂಚು, ಜೂನ್‌ನಲ್ಲಿ ಡೊಳ್ಳಿನ ಮೇಳ. ಗೋವಾದ ಮಳೆ ತಗಡಿನ ಮೇಲೆ ಬಿದ್ದರೆ ಎದುರಿಗೆ ಕುಳಿತವರ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಬರುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಮಳೆಗಾಲದ ಊಟಕ್ಕೆ ಕೈಭಾಷೆ ಇತ್ತು. ಮುಷ್ಟಿ ತೋರಿಸಿದರೆ ಅನ್ನ, ಅಂಗೈ ಬಾಗಿಸಿದರೆ ಸಾರು, ತಾಟಿನ ಅಂಚು ಮುಟ್ಟಿದರೆ ರೊಟ್ಟಿ. ಕಿರುಬೆರಳು ಎತ್ತಿದರೆ ಉಪ್ಪಿನಕಾಯಿ. ಇದನ್ನು ಅರಿಯದ ನೆಂಟರೊಬ್ಬರು ಪಾಪ, ಊಟದ ನಡುವೆ ನನಗೆ ಹಿತ್ತಲ ಬಾಗಿಲು ತೆಗೆದುಕೊಟ್ಟದ್ದುಂಟು. ಜಗಳಗಳನ್ನು ಮಳೆ ನಿಂತ ಮೇಲೆ ಎಂದು ಎತ್ತಿಡುತ್ತಿದ್ದೆವು. ಮಳೆ ನಿಲ್ಲುವ ಹೊತ್ತಿಗೆ ನನಗೆ ಕಾರಣ ಮರೆತುಹೋಗಿರುತ್ತಿತ್ತು. ಗೌರವ್ವನಿಗೆ ಮರೆಯುತ್ತಿರಲಿಲ್ಲ.

ಮಗಳು ರೇಖಾ, ಮಗ ಬಸು ಇಬ್ಬರೂ ಆ ಸದ್ದಿನಲ್ಲೇ ಬೆಳೆದರು, ಅವರಿಗೆ ಏನೂ ಅನ್ನಿಸಲಿಲ್ಲ. ಬಸುವಿನ ಮದುವೆಯಾಗಿ ಸೊಸೆ ಮಂಜುಳಾ ಬಂದಳು, ಆಮೇಲೆ ಕೂಸು ಬಂತು. ಅನ್ವಿತಾ ಎಂದು ಹೆಸರಿಟ್ಟರು. ನನ್ನ ನಾಲಗೆಗೆ ಅದು ಒಗ್ಗಲಿಲ್ಲ, ಕೆನ್ನೆ ನೋಡಿ ಗುಂಡವ್ವ ಎಂದೆ, ಅದೇ ನಿಂತಿತು. ಗುಂಡವ್ವ ಬೇಸಿಗೆಯಲ್ಲಿ ಮೈತುಂಬ ಬೆವರುಸಾಲೆಯೆದ್ದು ಅತ್ತಳು. ಮಳೆಗಾಲದಲ್ಲಿ ಬೆಚ್ಚಿ ಬೆಚ್ಚಿ ಅತ್ತಳು. ತಗಡಿನ ಮೇಲೆ ಒಂದು ಜೋರು ಮಳೆ ಬಿದ್ದರೆ ಸಾಕು, ಮಲಗಿದಲ್ಲೇ ಎರಡೂ ಕೈ ಚಾಚಿ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಿದ್ದಳು. ಬಾಯಿ ತೆರೆದು ಅಳುವುದು ಕಾಣುತ್ತಿತ್ತು, ಅಳು ಕೇಳಿಸುತ್ತಿರಲಿಲ್ಲ. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. ಒಂದು ದಿನ ಮಂಜುಳಾ ಮಳೆ ನಿಲ್ಲುವವರೆಗೆ ಕಾದು ನನ್ನ ಮುಂದೆ ಬಂದು ನಿಂತಳು.

"ಮಾವಾರ, ಸಿಟ್ಟ ಆಗಬ್ಯಾಡ್ರಿ. ನಿದ್ದಿ ಇಲ್ದ ಕೂಸು ಸೊರಗಾಕತ್ತೈತ್ರಿ."

ಆ ವಾರವೇ ಅವರು ಝುವಾರಿನಗರದಲ್ಲಿ, ಬಸು ಕೆಲಸ ಮಾಡುವ ಕಾರ್ಖಾನೆಗೆ ಹತ್ತಿರ, ಸ್ಲ್ಯಾಬಿನ ಒಂದು ಖೋಲಿ ಬಾಡಿಗೆಗೆ ಹಿಡಿದು ಹೋದರು. ಸಿಟ್ಟಾಗಲು ನನಗೆ ಕಾರಣವೇ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಹೊತ್ತು ಹೋಗುತ್ತಿತ್ತು.

ಆಮೇಲೆ ನಮ್ಮ ಬದುಕೆಲ್ಲ ರವಿವಾರದಲ್ಲಿ ಬಂದು ನಿಂತಿತು. ಬೆಳಿಗ್ಗೆ ಬಸ್ ಹಿಡಿದು ವಾಸ್ಕೊಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಝುವಾರಿನಗರಕ್ಕೆ. ಗುಂಡವ್ವ ನನ್ನ ಮೀಸೆಯನ್ನು ನೋಡಿ ಮೊದಲು ಅಳುವಳು, ಆಮೇಲೆ ದೂರದಿಂದ ಪರೀಕ್ಷೆ ಮಾಡುವಳು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಇದು ಪರಿಚಯದ ಮೀಸೆಯೇ ಎಂದು ಖಾತ್ರಿಯಾಗಿ ತೊಡೆ ಏರುವಳು. ಆಗ ನಮ್ಮ ಬಸ್ಸಿನ ಹೊತ್ತಾಗಿರುತ್ತಿತ್ತು. ಮುಂದಿನ ರವಿವಾರ ಮತ್ತೆ ಅಳುವಿನಿಂದ ಶುರು. ಮನೆಯಲ್ಲಿ ಗೌರವ್ವ ರೂಢಿಯಂತೆ ಎಲ್ಲರ ಲೆಕ್ಕಕ್ಕೆ ರೊಟ್ಟಿ ಬಡಿದುಬಿಡುತ್ತಿದ್ದಳು, ತಾಟು ಹಾಕುವಾಗ ಅವಳಿಗೆ ನೆನಪಾಗುತ್ತಿತ್ತು. ಉಳಿದ ರೊಟ್ಟಿಯನ್ನು ಒಣಗಿಸಿ ಕಟ್ಟಿಡುತ್ತಿದ್ದಳು. ಆ ವರ್ಷ ನಮ್ಮ ಮನೆಯಲ್ಲಿ ಕಟಕರೊಟ್ಟಿಗೆ ಬರವಿರಲಿಲ್ಲ. ಕಟಕಟ ಎಂದು ಅಗಿಯುತ್ತ ನಾನೂ ಗೌರವ್ವನೂ ಬೇರೆ ಬೇರೆ ಕಡೆ ನೋಡುತ್ತ ಕೂರುತ್ತಿದ್ದೆವು.

ಆಗ ಎದ್ದು ನಿಂತವಳು ರೇಖಾ. ನಮ್ಮ ಜೊತೆಗೇ ಇರುವ ಅವಳು ಡಿಪ್ಲೊಮಾ ಮುಗಿಸಿ ವಾಸ್ಕೊದಲ್ಲಿ ಮನೆಗಳ ನಕ್ಷೆ ತೆಗೆಯುವ ಒಂದು ಕಚೇರಿಗೆ ಹೋಗುತ್ತಾಳೆ. ತಗಡು ತೆಗೆದು ಇದೇ ಜಾಗದಲ್ಲಿ ಸರಿಯಾದ ಮನೆ ಕಟ್ಟೋಣ, ಅಣ್ಣ ವೈನಿ ಬಂದು ಇರುವಂಥದ್ದು ಎಂದಳು. ನಾನು ಕೂಡಲೇ ಒಪ್ಪಿ, ಗಟ್ಟಿಯಾಗಿರಬೇಕು ಎಂದೆ. ಗಟ್ಟಿ ಹೇಗೂ ಇರುತ್ತದೆ, ಹಿತವಾಗಿರಬೇಕು ಎಂದಳು ಅವಳು. ಹಿತ ಎಂಬುದನ್ನು ಹಾಸಿಗೆಗೆ, ಬಿಸಿನೀರಿಗೆ ಹೇಳುತ್ತಾರೆ. ಕಟ್ಟಡಕ್ಕೆ ಹೇಳಿದ್ದನ್ನು ನಾನು ಯಾವ ಸೈಟಿನಲ್ಲೂ ಕೇಳಿರಲಿಲ್ಲ. ನಾನು ಕಂಡ ಕಾಂಟ್ರ್ಯಾಕ್ಟರರು ಸ್ಲ್ಯಾಬಿನ ಮೇಲೆ ಕಾಲು ಕುಟ್ಟಿ ನೋಡುತ್ತಿದ್ದರು, ಅದರ ಕೆಳಗೆ ಮಲಗಿ ನೋಡಿದವರು ಯಾರೂ ಇಲ್ಲ. ಇವಳು ನಕ್ಷೆಗೆ ಕೂರುವ ಮೊದಲು ಕೇಳಿದ್ದೇ ಬೇರೆ ಪ್ರಶ್ನೆ.

"ಅಪ್ಪಾ, ನಿನಗ ಎಲ್ಲಿ ಭಾಳ ಚಲೋ ನಿದ್ದಿ ಬರತಿತ್ತು? ಹುಟ್ಟಿದಾಗಿಂದ ನೆನಸಿ ಹೇಳು."

ನೆನೆಸುವ ಕೆಲಸವೇ ಇರಲಿಲ್ಲ. ನಮ್ಮವ್ವನ ಮನೆಯಲ್ಲಿ. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಬೆಳಕು ಬರಲು ಬಿಟ್ಟ ಬೆಳಕಿಂಡಿ. ಹೊರಗೆ ಕಾಲಿಟ್ಟರೆ ಅಂಗಾಲು ಸುಡುವ ಬಿಸಿಲಿದ್ದಾಗಲೂ ಒಳಗೆ ನೆಲ ತಣ್ಣಗಿರುತ್ತಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲು ಒಂದು ತಾಟಿನಂತೆ ದುಂಡಗೆ ನೆಲದ ಮೇಲೆ ಮೆಲ್ಲಗೆ ಸರಿಯುವುದು; ಅದು ಕಂಬದ ಬುಡ ಮುಟ್ಟುವುದನ್ನು ನೋಡಬೇಕೆಂದು ನಾನು ಹಟ ಹಿಡಿದು ಮಲಗುತ್ತಿದ್ದೆ, ಒಂದು ದಿನವೂ ನೋಡಲಿಲ್ಲ, ಅಷ್ಟರೊಳಗೆ ನಿದ್ದೆ. ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಇದ್ದವಳು ಬೆಳಕಿಂಡಿಗೆ ಬಾಯಿಟ್ಟು, ಏಳೋ ಎಂದು ಕೂಗುವಳು. ಮೇಲಿಂದ ಅವಳ ದನಿ ಬಿಸಿಲಿನ ಜೊತೆಗೇ ಇಳಿದು ಬಂದಂತಾಗುತ್ತಿತ್ತು. ಆ ಮನೆ ಈಗ ಇಲ್ಲ, ಅವ್ವನೂ ಇಲ್ಲ, ಆ ನಿದ್ದೆ ಮತ್ತೆ ಎಲ್ಲಿಯೂ ಸಿಗಲಿಲ್ಲ. ಇದನ್ನು ಹೇಳುತ್ತ ಹೇಳುತ್ತ ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡೆ. ಮಗಳು ಸಮಾಧಾನ ಮಾಡಬಹುದೆಂದು ನೋಡಿದರೆ, ಬೆಳಕಿಂಡಿ ಎಷ್ಟು ಅಗಲ ಇತ್ತು ಎಂದು ಕೇಳಿದಳು.

ಹಾಗೆ ಹುಟ್ಟಿದ ಮನೆ ಇದು. ಕೆಂಪು ಚಿರೆಕಲ್ಲಿನ ದಪ್ಪ ಗೋಡೆ, ಒಳಗಿನಿಂದಲೇ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಗೋಡೆಗೆ ಮಳೆ ಬಡಿಯದಂತೆ ಮುಂದಕ್ಕೆ ಚಾಚಿದ ಸೂರು. ಮೇಲೆ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಜಾಗ ಬಿಟ್ಟು ಇಳಿಜಾರಾಗಿ ಹಂಚು. ಟೊಪ್ಪಿಗೆಯ ಮೇಲೆ ಇನ್ನೊಂದು ಟೊಪ್ಪಿಗೆ ಯಾಕವ್ವ ಎಂದೆ. ಬಿಸಿಲೂ ಮಳೆಯ ಸದ್ದೂ ಹಂಚಿನಲ್ಲೇ ನಿಲ್ಲಬೇಕು, ಕೆಳಗೆ ಬರಬಾರದು ಎಂದಳು. ಸಮುದ್ರದ ಉಪ್ಪುಗಾಳಿ ಒಳಗೊಳಗೇ ಕಬ್ಬಿಣದ ಸಳಿಗಳನ್ನು ತಿಂದು ಸ್ಲ್ಯಾಬ್ ಒಡೆಯುತ್ತದೆಂದು, ಸಳಿಗಳನ್ನು ಮುಚ್ಚುವ ಕಾಂಕ್ರೀಟು ಸಾಕಷ್ಟು ದಪ್ಪ ಬೀಳುತ್ತದೋ ಇಲ್ಲವೋ ಎಂದು ತಾನೇ ಬಗ್ಗಿ ಬಗ್ಗಿ ನೋಡಿದಳು. ಗುಂಡವ್ವ ಅಜ್ಜಿಯಾದಾಗಲೂ ಈ ಮನೆ ಹೀಗೇ ಇರಬೇಕಂತೆ. ಗುಂಡವ್ವ ಅಜ್ಜಿಯಾಗಿ ಈ ಹೊಸ್ತಿಲಲ್ಲಿ ಕುಳಿತದ್ದನ್ನು ನೆನೆಸಿಕೊಂಡು ನಾನು ಆ ದಿನ ಕೆಲಸದವರಿಗೆಲ್ಲ ಎರಡೆರಡು ಸಲ ಚಹಾ ಕುಡಿಸಿದೆ.

ತಕರಾರು ಬಂದದ್ದು ತೂತುಗಳಲ್ಲಿ. ಸಮುದ್ರದ ಕಡೆಯ ಗೋಡೆಗಳ ಬುಡದಲ್ಲಿ ಸಾಲಾಗಿ ಜಾಳಿಗೆ ಬಿಟ್ಟಿದ್ದಳು. ಮೆಟ್ಟಿಲಿನ ನೆತ್ತಿಯ ಮೇಲೆ ನಾಲ್ಕು ಕಡೆಗೂ ಸಂದುಗಳಿರುವ ಒಂದು ಗೂಡು ಎಬ್ಬಿಸಿ, ಅದಕ್ಕೊಂದು ಗಾಜಿನ ಸೂರು ಇಟ್ಟಿದ್ದಳು. ಕೆಳಗಿನಿಂದ ತಂಪುಗಾಳಿ ಬಂದು, ಸೆಕೆಯೆಲ್ಲ ಮೇಲಿನ ಸಂದುಗಳಿಂದ ಹೋಗುತ್ತದಂತೆ. "ಇದು ನಿನ್ನ ಬೆಳಕಿಂಡಿ, ಅಪ್ಪಾ" ಎಂದಳು. ನಾನು ತಲೆಯೆತ್ತಿ ನೋಡಿದೆ. ನನ್ನ ಕಣ್ಣಿಗೆ ಕಂಡದ್ದು ಸೋರುವ ಜಾಗ. ಅದನ್ನು ಹೇಳಿ ಮಗಳ ಮನಸ್ಸು ನೋಯಿಸುವುದೇಕೆಂದು ಸುಮ್ಮನಾದೆ. ಹಳೆಯ ತಗಡಿನದೊಂದು ತುಂಡನ್ನು ಎಲ್ಲಾದರೂ ಇಟ್ಟುಕೊಳ್ಳೋಣ ಎಂದು ಮಾತ್ರ ಬೇಡಿಕೊಂಡೆ. ಅವಳು ನಕ್ಕು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೆರಳಿಗೆ ಹಾಕಿಸಿದಳು.

ಮೇ ತಿಂಗಳ ನಡುವೆ ಬಸು, ಮಂಜುಳಾ, ಗುಂಡವ್ವ ಬಂದರು. ಆದರೆ ಝುವಾರಿನಗರದ ಖೋಲಿ ಬಿಟ್ಟು ಬಂದಿರಲಿಲ್ಲ. ಮಂಜುಳಾ ಮೊದಲ ದಿನವೇ ಮೆತ್ತಗೆ ಹೇಳಿದಳು:

"ಒಂದ್ ದೊಡ್ಡ ಮಳಿ ಬರ್ಲಿ ಮಾವಾರ. ಕೂಸು ಮಲಕೊಂಡ್ರ ಗಂಟು ಬಿಚ್ಚತೀನ್ರಿ. ಚೀರಿ ಎದ್ದ್ರ ಹಂಗ ಎತಗೊಂಡು ಹೋಕ್ಕೀವ್ರಿ."

ಹಾಗಾಗಿ ಅವರ ಬಟ್ಟೆಬರೆಯ ಗಂಟುಗಳು ಹಳೆಯ ಸೀರೆಯಲ್ಲಿ ಬಿಗಿದಂತೆಯೇ ಮೆಟ್ಟಿಲ ಪಕ್ಕ ಕುಳಿತವು. ನಾನು ಹೋಗುತ್ತ ಬರುತ್ತ ಆಕಾಶ ನೋಡುತ್ತಿದ್ದೆ, ಗಂಟು ನೋಡುತ್ತಿದ್ದೆ. ಮಳೆ ಬೇಗ ಬರಲಿ ಎಂದು ಒಂದು ಸಲ, ಬರುವುದೇ ಬೇಡ ಎಂದು ಒಂದು ಸಲ ಬೇಡಿಕೊಳ್ಳುತ್ತಿದ್ದೆ. ಇನ್ನೊಂದು ತೊಂದರೆ ಬೇರೆ. ತಗಡಿನ ಕೆಳಗೆ ಕೂಗಿ ಕೂಗಿ ನಮ್ಮೆಲ್ಲರ ದನಿ ದೊಡ್ಡದಾಗಿಬಿಟ್ಟಿದೆ, ನನ್ನದಂತೂ ಇನ್ನೂ ದೊಡ್ಡದು. ಈ ಕಲ್ಲಿನ ಮನೆಯಲ್ಲಿ ಅದು ಗೋಡೆಗೆ ಬಡಿದು ಎರಡರಷ್ಟಾಗಿ ಬರುತ್ತಿತ್ತು. ಚಹಾಕ್ಕೆ ಸಕ್ಕರೆ ಸಾಲದು ಎಂದು ನಾನು ಹೇಳಿದ್ದಕ್ಕೆ ನೆರೆಮನೆಯವರು ಓಡಿ ಬಂದು, ಏನು ಜಗಳ ಎಂದು ವಿಚಾರಿಸಿದರು. "ಎದುರಿಗೇ ಕುಂತೇನ್ರಿ, ಬಂದರದಾಗಿಲ್ಲ" ಎಂದು ಗೌರವ್ವ ದಿನಕ್ಕೆ ಹಲವು ಸಲ ಹೇಳತೊಡಗಿದಳು. ಅದನ್ನು ಅವಳು ಹೇಳಿದ್ದು ಬಂದರಿಗೂ ಕೇಳಿಸಿರಬೇಕು.

ಇಲ್ಲಿಂದ ಮುಂದೆ ನಡೆದದ್ದರಲ್ಲಿ ನನ್ನ ಕೈ ಇದೆ. ನಮ್ಮ ಸಡಾದಲ್ಲಿ ಮೇ ಮುಗಿಯುತ್ತ ಬಂತೆಂದರೆ ತಗಡಿನ ಮನೆಯವರೆಲ್ಲ ತೂತು ಮುಚ್ಚಲು ನಿಲ್ಲುತ್ತಾರೆ. ಮೇಲೆ ಹಳೆಯ ಟೈರು, ಕಲ್ಲು ಹೇರುತ್ತಾರೆ, ಸಂದುಗೊಂದುಗಳಿಗೆಲ್ಲ ಹಳೆಯ ಬಟ್ಟೆ ತುರುಕಿ ಡಾಂಬರು ಬಳಿಯುತ್ತಾರೆ. ಇದನ್ನು ಮಾಡದೆ ಜೂನ್ ತಿಂಗಳನ್ನು ಬರಮಾಡಿಕೊಳ್ಳುವುದು ನನ್ನ ಜೀವನದಲ್ಲಿ ಆಗಿಲ್ಲ. ಹರಿದ ಅಂಗಿಯನ್ನು ನಾನು ಯಾರಿಗೂ ಕೊಡುವುದಿಲ್ಲ, ಅದನ್ನು ನೋಡಿದ ಕೂಡಲೇ ಯಾವ ಮೂಲೆಗೆ ಹಿಡಿಯುತ್ತದೆ ಎಂದು ನನಗೆ ಹೊಳೆಯುತ್ತದೆ. ಮೋಡ ಕಟ್ಟಿತು, ಕೈ ತುರಿಸಿತು. ರೇಖಾ ಕಚೇರಿಗೆ ಹೋಗಿದ್ದ ಒಂದು ಮಧ್ಯಾಹ್ನ, ಗೌರವ್ವ ಏಣಿ ಹಿಡಿದುಕೊಂಡಳು, ನಾನು ಮೇಲೆ ಹತ್ತಿ ಗೂಡಿನ ಸಂದುಗಳನ್ನೆಲ್ಲ ಅಂಗಿ, ಪಾಯಿಜಾಮ, ಗೌರವ್ವ ಸೀರೆಯೊಳಗೆ ಉಡುವ ಹಳೆಯ ಪರಕಾರ ತುಂಬಿ ಗಟ್ಟಿ ಮಾಡಿದೆ. ಕೆಳಗಿನ ಜಾಳಿಗೆಗಳಿಗೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಕೊಯ್ದು ಒಪ್ಪವಾಗಿ ಮೊಳೆ ಹೊಡೆದೆ. ಎಂಥ ಮಳೆ ಬಂದರೂ ಗುಂಡವ್ವನ ಮೈಮೇಲೆ ಹನಿ ಬೀಳದ ಹಾಗೆ ಮಾಡಿದೆನೆಂದು ಇಳಿದು ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮರುದಿನದಿಂದ ಮನೆ ಉಬ್ಬೆಗೆ ಹಾಕಿದಂತಾಯಿತು. ಮೋಡ ಮುಚ್ಚಿದ ಸೆಕೆ ಒಳಗೆ ಬಂದದ್ದು ಹೊರಗೆ ಹೋಗಲೊಲ್ಲದು. ಗೋಡೆಗಳು ಬೆವೆತವು. ಗುಂಡವ್ವನ ಕತ್ತಿನ ಮೇಲೆ ಮತ್ತೆ ಬೆವರುಸಾಲೆ ಎದ್ದಿತು, ಅವಳು ರಾಗ ತೆಗೆದು ಅಳತೊಡಗಿದಳು. ಮಂಜುಳಾ ಕೂಸಿಗೆ ಗಾಳಿ ಬೀಸುತ್ತ ಗಂಟಿನ ಕಡೆ ನೋಡಿದಳು, ಅಷ್ಟೇ. ಇನ್ನೂ ಮಳೆಯೇ ಬಂದಿಲ್ಲ, ಆಗಲೇ ಹೀಗೆ. ರೇಖಾ ನಿನ್ನೆ ಬೆಳಿಗ್ಗೆ ನಕ್ಷೆ ಹರಡಿಕೊಂಡು ಮೆಟ್ಟಿಲ ಮೇಲೆ ಕುಳಿತಳು. ಅವಳ ಮುಖ ನೋಡಲಾಗಲಿಲ್ಲ. ಗಾಳಿ ಹೀಗೆ ಬರಬೇಕು, ಹೀಗೆ ಹೋಗಬೇಕು, ಎಲ್ಲಿ ತಪ್ಪಿದೆ ಎಂದು ತನ್ನಷ್ಟಕ್ಕೇ ಅನ್ನುತ್ತಿದ್ದಳು. ವೈನಿಗೆ ಯಾವ ಮುಖ ಇಟ್ಟುಕೊಂಡು ಇರಿ ಅನ್ನಲಿ ಎಂದಳು. ಸಮಾಧಾನ ಮಾಡೋಣವೆಂದು ಪಕ್ಕ ಕುಳಿತು, ಹೋಗಲಿ ಬಿಡು, ಸೋರುವುದಂತೂ ಇಲ್ಲ, ಅದಕ್ಕೆ ನಾನು ಹೊಣೆ ಎಂದೆ. ಅವಳಿಗೆ ಆ ಮಾತಿನಲ್ಲಿ ಏನೋ ಅನುಮಾನ ಬಂದಿರಬೇಕು. ತಲೆಯೆತ್ತಿ ನನ್ನನ್ನು ನೋಡಿದಳು, ಇನ್ನೂ ತಲೆಯೆತ್ತಿ ಗೂಡನ್ನು ನೋಡಿದಳು. ಅಲ್ಲಿಂದ ನೀಲಿ ಬಣ್ಣದ್ದು ಏನೋ ಒಂದು ಕೆಳಗೆ ಜೋತಾಡುತ್ತಿತ್ತು.

"ಅಪ್ಪಾ, ಅದು ನಿನ್ನ ಅಂಗಿ ತೋಳ ಅಲ್ಲೇನು?"

"ಹೌದು. ಮಳಿಗಾಲ ಬಂತಲ್ಲವ್ವ. ಮುಚ್ಚೇನಿ."

"ಎಷ್ಟ ಮುಚ್ಚಿದಿ?"

"ಒಂದೂ ಬಿಟ್ಟಿಲ್ಲ" ಎಂದೆ. ಹೊಗಳಬಹುದೆಂದು ಕಾದೆ.

ರೇಖಾ ಅಳುತ್ತಾಳೋ ನಗುತ್ತಾಳೋ ಎಂದು ತಿಳಿಯದ ಹಾಗೆ ಮುಖ ಮುಚ್ಚಿಕೊಂಡಳು. ಬಸು ಏಣಿ ತಂದ. ಗೂಡಿನಿಂದ 'ಇದನ್ನು ಯಾವಾಗ ಕೀಳುತ್ತೀರಿ' ಎಂದು ಸದಾ ಕೇಳುವ ಗೌರವ್ವನ ಪರಕಾರವೇ ಮೊದಲು ಬಂತು. ಆಮೇಲೆ ನನ್ನ ಪಾಯಿಜಾಮ, ಅಂಗಿಗಳು ಒಂದರ ಹಿಂದೊಂದು ಮೆಟ್ಟಿಲ ಮೇಲೆ ಬಿದ್ದವು. ಮಂಜುಳಾ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು. ಹೊರಗಿನ ಪ್ಲಾಸ್ಟಿಕ್ಕನ್ನು ನಾನೇ ಕಿತ್ತೆ, ಕೀಳುವುದರಲ್ಲಿ ನನಗಿರುವಷ್ಟು ಅನುಭವ ಆ ಮನೆಯಲ್ಲಿ ಬೇರೆ ಯಾರಿಗೂ ಇಲ್ಲವಲ್ಲ. ಕೊನೆಯ ಮೊಳೆ ಕಿತ್ತು ಒಳಗೆ ಬಂದಾಗ ಕಾಲಿನ ಬಳಿ ಏನೋ ತಣ್ಣಗೆ ಹರಿದುಹೋಯಿತು. ಗೋಡೆಯ ಮೇಲಿನ ಕ್ಯಾಲೆಂಡರು ಎದ್ದು ಒಂದು ಸಲ ಬಡಿಯಿತು.

ಮಧ್ಯಾಹ್ನ ಮಳೆ ಬಂತು. ಸಮುದ್ರದ ಕಡೆಯಿಂದ ಕ್ರೇನುಗಳನ್ನು ಒಂದೊಂದಾಗಿ ಅಳಿಸುತ್ತ ಬಂತು. ಮಂಜುಳಾ ಮೇಲಿನ ಕೋಣೆಯಲ್ಲಿ ಗುಂಡವ್ವನನ್ನು ತೊಟ್ಟಿಲಿಗೆ ಹಾಕಿ ತೂಗುತ್ತಿದ್ದಳು. ನಾನು ನಂಬಿಕೆ ಸಾಲದೆ ಗೂಡಿನ ಕೆಳಗೆ ಬಕೆಟ್ ಇಟ್ಟುಕೊಂಡು, ಕೈಯಲ್ಲಿ ಛತ್ರಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಹನಿ ಬೀಳಲಿಲ್ಲ. ಮಳೆ ಇತ್ತು, ಆದರೆ ಎಲ್ಲೋ ಮೇಲೆ, ಬೇರೆ ಯಾರದೋ ಮನೆಯ ಮೇಲೆ ಬೀಳುತ್ತಿರುವಂತಿತ್ತು. ಅಷ್ಟು ಮಳೆಯಲ್ಲಿ ನನಗೆ ತೊಟ್ಟಿಲಿನ ಕೊಂಡಿ ಕಿರ್ ಕಿರ್ ಎನ್ನುವುದು ಕೇಳಿಸಿತು. ಮಳೆಯಲ್ಲಿ ಇನ್ನೊಂದು ಸದ್ದು ಕೇಳಿದ್ದು ಗೋವಾದ ನನ್ನ ಮನೆಯಲ್ಲಿ ಅದೇ ಮೊದಲು. ಕೊಂಡಿ ನಿಧಾನವಾಯಿತು. ನಿಂತಿತು. ಮಂಜುಳಾ ಮೆಟ್ಟಿಲ ತುದಿಗೆ ಬಂದು, ತುಟಿಯ ಮೇಲೆ ಬೆರಳಿಟ್ಟುಕೊಂಡಳು.

ನಾನು ಛತ್ರಿ ಹಿಡಿದುಕೊಂಡೇ ಕುಳಿತಿದ್ದೆ. ಮಳೆ ಸ್ವಲ್ಪ ತೆಳುವಾದಾಗ ಗೂಡಿನ ಗಾಜಿನಿಂದ ಮಸಕು ಬೆಳಕು ಇಳಿದು ಗಂಟುಗಳ ಮೇಲೆ ಬಿತ್ತು. ಹಿತ್ತಲಲ್ಲಿ ಆ ಒಂದು ತಗಡಿನ ತುಂಡು ಸಣ್ಣಗೆ ಬಾರಿಸುತ್ತಿತ್ತು, ದೂರದ ಊರಿನಲ್ಲಿ ಯಾರೋ ನಮ್ಮನ್ನು ನೆನೆಸಿಕೊಂಡ ಹಾಗೆ. ತಲೆಯೆತ್ತಿ ನೋಡಿದೆ. ಯಾರಾದರೂ ಅಲ್ಲಿ ಬಾಯಿಟ್ಟು ಏಳೋ ಎನ್ನಬಹುದೆಂದು, ಇಷ್ಟು ವಯಸ್ಸಾದವನು, ಒಂದು ಗಳಿಗೆ ಕಾದೆ. ಯಾರೂ ಕರೆಯಲಿಲ್ಲ. ಕರೆದಿದ್ದರೆ ಕೂಸು ಎಚ್ಚರಾಗುತ್ತಿತ್ತು, ಅದೂ ನಿಜ.

ಸಂಜೆಗೂ ಮಳೆ ಬಿಡಲಿಲ್ಲ. ಗುಂಡವ್ವ ನಡುವೆ ಒಮ್ಮೆ ಎದ್ದು, ಹಾಲು ಕುಡಿದು, ಮತ್ತೆ ಮಲಗಿದ್ದಳು. ಇಷ್ಟು ದಿನದ ಬಾಕಿ ನಿದ್ದೆಯನ್ನೆಲ್ಲ ಒಂದೇ ದಿನ ಮುಗಿಸುವಂತಿತ್ತು. ಗೌರವ್ವ ಗೋಧಿ ಹುಗ್ಗಿ ಮಾಡಿ, ರೊಟ್ಟಿ ಬಡಿದಿದ್ದಳು, ಈ ಸಲ ಲೆಕ್ಕ ತಪ್ಪಿರಲಿಲ್ಲ. ಎಲ್ಲರೂ ಸುತ್ತ ಕುಳಿತೆವು. ತೊಟ್ಟಿಲು ಮೇಲೆಯೇ ಇದೆ, ಮಾತಾಡಿದರೆ ಎದ್ದಾಳು. ಗೌರವ್ವ ನನ್ನ ಕಡೆ ನೋಡಿದಳು. ನಾನು ಮುಷ್ಟಿ ತೋರಿಸಿದೆ. ಅನ್ನ ಬಂತು. ಬಸು ತಾಟಿನ ಅಂಚು ಮುಟ್ಟಿದ, ರೊಟ್ಟಿ ಬಂತು. ರೇಖಾ ಅಂಗೈ ಬಾಗಿಸಿದಳು. ಮಳೆಯಲ್ಲಿ ಮಾತು ಕೇಳಲೆಂದು ಅವಳು ಕಟ್ಟಿದ ಮನೆಯಲ್ಲಿ, ಮೊದಲ ಮಳೆಯ ಊಟವನ್ನು ನಾವೆಲ್ಲ ತಗಡಿನ ಕಾಲದವರಂತೆ ಮೂಕರಾಗಿ ಉಣ್ಣುತ್ತಿದ್ದೆವು.

ಆಗ ಮಂಜುಳಾ ನನ್ನತ್ತ ತಿರುಗಿದಳು. ಎರಡೂ ಕೈ ಮುಂದೆ ಮಾಡಿ, ಬೆರಳ ತುದಿಗಳನ್ನು ಕೂಡಿಸಿ, ಒಂದು ಗಂಟನ್ನು ಬಿಚ್ಚಿ ಎಳೆದಂತೆ ಮೆಲ್ಲಗೆ ಬೇರೆ ಮಾಡಿದಳು. ನಮ್ಮ ಕೈಭಾಷೆಯಲ್ಲಿ ಅಂಥ ಮಾತು ಇರಲಿಲ್ಲ, ಆದರೂ ತಿಳಿಯದವರು ಯಾರೂ ಇರಲಿಲ್ಲ. ಗೌರವ್ವ ಹುಗ್ಗಿಯ ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು. ರೇಖಾ ತಲೆ ತಗ್ಗಿಸಿ ತಾಟು ನೋಡುತ್ತ ನಗುತ್ತಿದ್ದಳು. ನಾನೂ ಸುಮ್ಮನಿರಬೇಕಾಗಿತ್ತು. ಆದರೆ ಅದು ಎಲ್ಲಿತ್ತೋ ಏನೋ, ಎದೆಯಿಂದ ಎದ್ದು ಬಂದುಬಿಟ್ಟಿತು.

"ಭಾಳ ಚಲೋ ಆತವಾ" ಎಂದೆ, ತಗಡಿನ ಕಾಲದ ನನ್ನ ದನಿಯಲ್ಲಿ.

ಅದು ಗೋಡೆಗೆ ಬಡಿದು ಎರಡರಷ್ಟಾಯಿತು. ಮೇಲೆ ತೊಟ್ಟಿಲು ಅಲ್ಲಾಡಿತು, ಆಮೇಲೆ ಅಳು ಕೇಳಿಸಿತು, ಅಷ್ಟು ಮಳೆಯಲ್ಲೂ ಒಂದೊಂದು ರಾಗ ಬಿಡಿಬಿಡಿಯಾಗಿ. ಎಲ್ಲರೂ ಊಟ ಬಿಟ್ಟು ನನ್ನನ್ನೇ ನೋಡಿದರು. ಮಳೆಯ ಪರೀಕ್ಷೆಯಲ್ಲಿ ಮನೆ ಪಾಸಾಗಿತ್ತು, ಅಜ್ಜ ಫೇಲಾಗಿದ್ದ. ಬಸು ಹೋಗಿ ಅವಳನ್ನು ಎತ್ತಿಕೊಂಡು ಬಂದು, ಎಬ್ಬಿಸಿದವರೇ ಆಡಿಸಲಿ ಎಂದು ನನ್ನ ತೊಡೆಯ ಮೇಲೆ ಕೂರಿಸಿದ. ಗುಂಡವ್ವ ಅಳು ನಿಲ್ಲಿಸಿ ಮೀಸೆಯನ್ನು ನೋಡಿದಳು. ಈ ಸಲ ಪರೀಕ್ಷೆಗೆ ಹೊತ್ತು ಹಿಡಿಯಲಿಲ್ಲ. ನನ್ನ ತಾಟಿನಲ್ಲಿ ಕೈ ಹಾಕಿ, ಹುಗ್ಗಿ ಮೆತ್ತಿದ ಬೆರಳನ್ನು ಮೀಸೆಗೆ ಒರೆಸಿದಳು. ಗೌರವ್ವ ಇನ್ನೊಂದು ಸೌಟು ಬಡಿಸಿದಳು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು, ಎಲ್ಲರದೂ ಕೇಳಿಸುತ್ತಿತ್ತು.